ಬಾಯಲ್ಲಿ ನುಡಿಯುವ ಮೃದಂಗ

ಮೃದಂಗದ ಶಿಷ್ಯನಿಗೆ ಗುರುವು ಮೊದಲು ದಯಪಾಲಿಸುವುದು ಸೊಲ್ಲನ್ನು. ತೊಡೆಯ ಮೇಲೆ ತಾಳ ಹಾಕುತ್ತ, ‘ತಕಿಟ’, ‘ತಕದಿಮಿ’ ಮೊದಲಾದ ಸೊಲ್ಲುಗಳನ್ನು ಮೂರು ಕಾಲಗಳಲ್ಲಿಯೂ ಸ್ಖಲನವಿಲ್ಲದೆ ನುಡಿಯಬಲ್ಲವನಾದ ಮೇಲೆಯೇ ಪಾಠವು ಬೆರಳಿಗಿಳಿಯತಕ್ಕದ್ದೆಂಬುದು ಹಿರಿಯ ವಿದ್ವಾಂಸರ ಸಂಪ್ರದಾಯ. ಹೀಗೆ ಪಾಠಕ್ಕೆ ಆಧಾರವಾದ ಸೊಲ್ಲುಕಟ್ಟೇ ಪರಿಷ್ಕಾರಗೊಂಡು ಕಚೇರಿಯ ವೇದಿಕೆಯನ್ನೇರಿದಾಗ ಕೊನ್ನಕೋಲು ಎನಿಸಿಕೊಂಡಿತು. ಮನ್ನಾರುಗುಡಿ ಪಕ್ಕಿರಿಯಾ ಪಿಳ್ಳೆಯವರೂ, ಅವರ ತರುವಾಯ ತಿರುಚಿ ತಾಯುಮಾನವನ್ ಅವರೂ ಈ ಕಲೆಯಿಂದಲೇ ಪ್ರಖ್ಯಾತರಾದರು.

ಈ ವಿದ್ಯೆಯ ಸೊಗಸನ್ನರಿಯಲು ‘ತದಿಗಿಣತೊಂ’ ಎಂಬ ಒಂದು ಸೊಲ್ಲು ಸಾಕು. ಅದಕ್ಕೆ 5 ಮಾತ್ರೆ; ಆದಿತಾಳದ ಆವರ್ತಕ್ಕಾದರೋ, ಅಕ್ಷರವೊಂದಕ್ಕೆ ನಾಲ್ಕರಂತೆ 32 ಮಾತ್ರೆ. ಮೂರು ಸಲ ನುಡಿದು ಮುಕ್ತಾಯಗೊಳಿಸಬೇಕಾದರೆ 15 ಮಾತ್ರೆ ಬೇಕಾಗುವುದರಿಂದ, ಮೊದಲ ದ್ರುತದ ಪೆಟ್ಟು ಬಿದ್ದು ಒಂದು ಮಾತ್ರೆ ಕಳೆದೊಡನೆ ಆರಂಭಿಸಬೇಕು. ನಡುನಡುವೆ ಎರಡೆರಡು ಮಾತ್ರೆಗಳ ಕಾರ್ವೆಯನ್ನು, ಎಂದರೆ ವಿರಾಮವನ್ನು, ಇಟ್ಟರೆ ಮೊತ್ತವು 19 ಆಗಿ, ಆರಂಭವು ಸರಿಯಾಗಿ ಒಂದು ಅಕ್ಷರ ಹಿಂದಕ್ಕೆ ಸರಿದು, ಲಘುವಿನ ಕೊನೆಯ ಬೆರಳೆಣಿಕೆಯ ಒಳಗೇ ಬೀಳುತ್ತದೆ. ಲೆಕ್ಕವು ಇಷ್ಟೇ, ಆದರೆ ಕೈಯು ಪೆಟ್ಟು, ಎಣಿಕೆ, ಹುಸಿಗಳ ತನ್ನ ಹಾದಿಯಲ್ಲಿ ಅಚಲವಾಗಿ ನಡೆಯುತ್ತಿರಲು, ಬಾಯಿ ತಾಳದ ಸಂದಿನಿಂದ ಹೊರಟು, ಕಾರ್ವೆಯ ಮೌನವನ್ನೂ ಮಾತಿನಷ್ಟೇ ನಿಖರವಾಗಿ ಅಳೆದು, ಮೂರನೆಯ ‘ತೊಂ’ ಮುಗಿದ ಮರುಕ್ಷಣವೇ ಕೈಯೊಡನೆ ಸಮದಲ್ಲಿ ಕೂಡಿಕೊಳ್ಳುವಾಗ, ಗಣಿತವನ್ನು ಕಲಿಯದ ಶ್ರೋತೃವಿನ ತಲೆಯೂ ತಾನಾಗಿ ತೂಗುತ್ತದೆ. ಬಡಿಯಲು ಚರ್ಮವಿಲ್ಲ, ಶ್ರುತಿಗೇರಿಸಲು ಬಾರು ಇಲ್ಲ. ಉಸಿರು ಮತ್ತು ನಾಲಗೆಗಳಿಂದಲೇ ಇಷ್ಟನ್ನು ಸಾಧಿಸುವ ಈ ಕಲೆಯು ನನಗೆ ಲಯದ ಅತ್ಯಂತ ಶುದ್ಧವಾದ ರೂಪವೆಂದೇ ತೋರುತ್ತದೆ.

ಈ ಲಯವಿದ್ಯೆಯು ಹೊರನಾಡುಗಳನ್ನೂ ತಲುಪಿದೆ. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸಂಸ್ಥೆಯ ಕಲಾವಿದರು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಅವರೊಡಗೂಡಿ ನುಡಿಸಿದ ‘ಜ್ಯೋತಿ’ ಧ್ವನಿಮುದ್ರಿಕೆ 1983ರಲ್ಲಿ ಹೊರಬಂದಿತು. ಟೊರಾಂಟೋದ ಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ತಿರುಚಿ ಶಂಕರನ್ ಅವರು 1971ರಿಂದ ದೀರ್ಘಕಾಲ ಲಯಶಾಸ್ತ್ರವನ್ನು ಬೋಧಿಸಿದರು. ಹೊರನಾಡಿನ ವಿದ್ಯಾರ್ಥಿಗಳು ಇಂದು ಆದರದಿಂದ ಅಭ್ಯಸಿಸುತ್ತಿರುವ ಈ ವಿದ್ಯೆಗೆ ನಮ್ಮ ಕಚೇರಿಗಳಲ್ಲಿ ಮಾತ್ರ ಆಸನವು ಅಪರೂಪವಾಗಿದೆ. ಕಚೇರಿಯ ಕಾಲಾವಧಿ ಕುಗ್ಗಿದಂತೆ ಲಯವಾದ್ಯಗಳಿಗೆ ಮೀಸಲಾದ ತನಿ ಆವರ್ತನವೂ ಕುಗ್ಗಿತು. ಘಟಕ್ಕೂ ಖಂಜಿರಕ್ಕೂ ಉಳಿದ ಅವಕಾಶ ಕೊನ್ನಕೋಲಿಗೆ ಉಳಿಯಲಿಲ್ಲ. ತರಗತಿಯಲ್ಲಿ ಅದು ಬದುಕಿದೆಯೆಂಬ ಸಮಾಧಾನವು ಸಾಲದು. ವಿದ್ವತ್ತು ಸಭೆಯ ಮುಂದೆ ಕುಳಿತು ಮನ್ನಣೆಯನ್ನು ಪಡೆಯಬೇಕು. ರಾಮನವಮಿಯ ಸಂಗೀತೋತ್ಸವಗಳನ್ನು ಇಷ್ಟು ಶ್ರದ್ಧೆಯಿಂದ ನಡೆಸಿಕೊಂಡು ಬರುತ್ತಿರುವ ನಮ್ಮ ಸಭೆಗಳ ಕಾರ್ಯದರ್ಶಿಗಳು ಪ್ರತಿವರ್ಷವೂ ಒಂದು ಕಚೇರಿಯಲ್ಲಾದರೂ ಮೃದಂಗದ ಪಕ್ಕದಲ್ಲಿ ಕೊನ್ನಕೋಲಿಗೆ ಒಂದು ಸ್ಥಾನವನ್ನೂ, ತನಿಯಲ್ಲಿ ಅದಕ್ಕೆ ನ್ಯಾಯವಾದ ಸಮಯವನ್ನೂ ಕಲ್ಪಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.