ಬೆವರುವ ಪೆಟ್ಟಿಗೆ, ಉಸಿರಾಡುವ ಕಾಳು

ಮಕ್ಕಳೇ, ಕಡೂರು, ತರೀಕೆರೆ ಹಾದುಹೋಗುವ ಹೆದ್ದಾರಿಯಲ್ಲಿ ಲಾರಿ ಹೊತ್ತೊಯ್ಯುವ ಉದ್ದನೆಯ ಕಬ್ಬಿಣದ ಪೆಟ್ಟಿಗೆ ನೋಡಿದ್ದೀರಾ? ಅದೇ ಹಡಗಿನ ಕಂಟೇನರ್. 1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಮ್ ಮೆಕ್ಲೀನ್ ಇಂಥ 58 ಪೆಟ್ಟಿಗೆಗಳನ್ನು ‘ಐಡಿಯಲ್ ಎಕ್ಸ್’ ಹಡಗಿನಲ್ಲಿ ಸಾಗಿಸಿದರು. ಹಳೆಯದಾದ ಪೆಟ್ಟಿಗೆಗಳು ಈಗ ಎಷ್ಟೋ ಕಡೆ ಉಗ್ರಾಣವಾಗಿವೆ.

ಗಟ್ಟಿ ಪೆಟ್ಟಿಗೆಗೆ ಇಲಿ ನುಗ್ಗದು, ಮಳೆ ಸೋರದು. ಮಾಗಿಯ ಚಳಿಯೇ ಅದಕ್ಕೆ ಶತ್ರು. ರಾತ್ರಿ ಕಬ್ಬಿಣದ ಚಾವಣಿ ಬೇಗ ತಣ್ಣಗಾಗುತ್ತದೆ. ಒಳಗಿನ ಗಾಳಿಯ ತೇವ ಅದಕ್ಕೆ ತಾಗಿ ಹನಿಗಟ್ಟಿ, ಕಾಳಿನ ಮೇಲೆ ತೊಟ್ಟಿಕ್ಕುತ್ತದೆ. ತಣ್ಣೀರು ತುಂಬಿದ ಚೊಂಬು ಬೆವರುವ ಹಾಗೆಯೇ! ಅದಕ್ಕೇ ಚೆನ್ನಾಗಿ ಒಣಗಿದ ಕಾಳನ್ನೇ ಇಡಬೇಕು. ಮೂಟೆಯಡಿ ಹಲಗೆ ಹಾಕಬೇಕು. ಅಜ್ಜಂಪುರ ಸೀಮೆಯ ಈರುಳ್ಳಿಗಂತೂ ಗಾಳಿಯಾಡಲೇಬೇಕು.

ನಮ್ಮ ಬಯಲುಸೀಮೆಯ ಹಿರಿಯರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು. ಆಳದ ಮಣ್ಣಿಗೆ ಹಗಲ ಬಿಸಿಲೂ ಇರುಳ ಚಳಿಯೂ ಅಷ್ಟಾಗಿ ತಟ್ಟದು. ಸುತ್ತ ಹುಲ್ಲು ಒತ್ತಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ.

ಆದರೆ ಕಾಳೂ ಉಸಿರಾಡುತ್ತದೆ! ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ತೆರೆದೊಡನೆ ಇಳಿದವರು ಪ್ರಾಣ ಕಳೆದುಕೊಂಡದ್ದುಂಟು. ಹಿರಿಯರು ಬಹಳ ಹೊತ್ತು ಗಾಳಿಗೆ ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿರಲಿಲ್ಲ. ನೀವಂತೂ ಹಗೇವಿಗಾಗಲಿ, ಬಾಗಿಲು ಮುಚ್ಚುವ ಕಂಟೇನರಿಗಾಗಲಿ ಆಟಕ್ಕೂ ಇಳಿಯಬೇಡಿ.

ಅಜ್ಜ ಅಜ್ಜಿಯರಲ್ಲಿ ನನ್ನದೊಂದು ಬಿನ್ನಹ: ನಿಮ್ಮೂರಿನ ಹಳೆಯ ಹಗೇವು ಎಲ್ಲಿತ್ತೆಂದು ಮೊಮ್ಮಕ್ಕಳಿಗೆ ದೂರದಿಂದಲೇ ತೋರಿಸಿ. ಅದರ ಕಥೆಯನ್ನೂ ಹೇಳಿ, ಅಪಾಯವನ್ನೂ ಹೇಳಿ.