ತೊಗರಿ ಕಟ್ಟಿಗೆಯ ಗೋಡೆಗೆ ಸಹಿ ಯಾರದು?

ತಾಂಡೂರಿನ ಫರಸಿ ಕಲ್ಲಿಗೆ ಯಾರೂ ಗ್ಯಾರಂಟಿ ಕೇಳುವುದಿಲ್ಲ. ಅಲ್ಲಿಯದೇ ತೊಗರಿ ಕಟ್ಟಿಗೆಯಿಂದ ಗೋಡೆ ಕಟ್ಟೋಣ ಅಂದರೆ ನಗುತ್ತಾರೆ. ನಮ್ಮಜ್ಜನ ಮನೆಯ ತಟ್ಟಿ ಗೋಡೆ ಅದರದ್ದೇ ಇತ್ತು.

ಜಹೀರಾಬಾದಿನಿಂದ ಹೈದರಾಬಾದಿಗೆ ಹೋಗುವ ಹಾದಿಯಲ್ಲೇ ಕಂದಿಯ ಐಐಟಿ. ಹೊಲದ ಕಸ ಕತ್ತರಿಸಿ, ಸುಣ್ಣದ ಗಾರೆ ಬೆರೆಸಿ ಮಾಡಿದ ಇಟ್ಟಿಗೆಯಿಂದ 2021ರಲ್ಲಿ ಅಲ್ಲಿ ಕಾವಲುಗಾರರ ಕೋಣೆ ಕಟ್ಟಿದರು. ಸುಟ್ಟ ಇಟ್ಟಿಗೆಯ ಎಂಟನೇ ಒಂದು ಪಾಲು ತೂಕ. ಭಾರ ಹೊರಲು ಮಾತ್ರ ಲೋಹದ ಚೌಕಟ್ಟು.

ನಾರಾಯಣಖೇಡದ ಗುತ್ತೇದಾರರೊಬ್ಬರಿಗೆ ಇದನ್ನು ಹೇಳಿದೆ. 'ಮಳಿಗಿ ನೆನದ್ರ? ಗೆದ್ದಲ ಹತ್ತಿದ್ರ? ಎಂಜಿನಿಯರ್ ಸಹಿ ಹಾಕತಾರೇನ್ರಿ?' ಎಂದರು. ಅವರದು ತಪ್ಪಲ್ಲ, ಗೋಡೆ ಬಿರಿದರೆ ಬೈಗುಳ ಅವರಿಗೇ.

ಪರೀಕ್ಷೆಯ ಕಾಗದ, ಕಲಿತ ಮೇಸ್ತ್ರಿ ಎರಡೂ ಬೇಕು. ಅಲ್ಲಿಯವರೆಗೆ ದನದ ಕೊಟ್ಟಿಗೆಗೆ ಒಂದು ಅಡ್ಡಗೋಡೆ ಕಟ್ಟಿ, ಎರಡು ಮಳೆಗಾಲ ನೋಡೋಣ. ಹೇಗೂ ಹೊಲದಾಗ ಸುಡೋ ಕಟ್ಟಿಗಿನೇ ಅಲ್ಲೇನ್ರಿ?