ತಕ್ಕಡಿಯನ್ನೇ ಚಿತ್ ಮಾಡಿದ ಸಣ್ಣ ಪೈಲ್ವಾನ

ಜಾತ್ರೆಯ ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಸಿಲು ಇಳಿಯುವ ಮುಂಚೆಯೇ ಸಣ್ಣ ಜೋಡಿಗಳನ್ನು ಬಿಟ್ಟು ಮುಗಿಸುತ್ತಾರೆ. ಇನಾಮೂ ಸಣ್ಣದು, ಜನವೂ ಕಡಿಮೆ. ಹಲಗೆ ಬಾರಿಸುವವನ ಕೈಗೂ ಆಗ ಹುರುಪಿಲ್ಲ. ಸಂಜೆಯಾಗುತ್ತಿದ್ದಂತೆ ದೊಡ್ಡ ಜೋಡಿ ಇಳಿಯುತ್ತದೆ. ಬೆಳ್ಳಿ ಗದೆ, ಪೇಟ, ಹಾರ, ಸಾಹೇಬರ ಭಾಷಣ, ಎಲ್ಲವೂ ಆಗಲೇ. ಮಧ್ಯಾಹ್ನ ಗೆದ್ದ ಐವತ್ತು ಕೆ.ಜಿ.ಯ ಹುಡುಗ ಅಷ್ಟೊತ್ತಿಗೆ ಮೈಯ ಮಣ್ಣು ತೊಳೆದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಾನೆ.

ಇಂಥ ಹುಡುಗನಿಗೆ ಗರಡಿ ಮನೆ ಕಟ್ಟೆಯ ಮೇಲೆ ಕೂತವರು ಹೇಳುವ ಬುದ್ಧಿ ಒಂದೇ: "ಖುರಾಕು ಜಾಸ್ತಿ ಮಾಡೋ ತಮ್ಮಾ, ಮೈ ಬರಲಿ!"

ಹೇಳೋದು ಸುಲಭ ಸ್ವಾಮಿ. ಆದರೆ ಇದೇ ಮಾತನ್ನು ಒಲಿಂಪಿಕ್ ಚಿನ್ನ ಗೆದ್ದವನಿಗೇ ಹೇಳಿದರೆ ಹೇಗಿರುತ್ತದೆ? ದಕ್ಷಿಣ ಕೊರಿಯಾದ ಸಿಮ್ ಕ್ವಾನ್ ಹೋ ಎಂಬ ಪೈಲ್ವಾನನಿಗೆ ಆದದ್ದು ಅದೇ. ಅವನು ಏನು ಮಾಡಿದ ಅಂತ ನಮ್ಮ ಉಸ್ತಾದರೂ ಹುಡುಗರೂ ಕೇಳಬೇಕು.

ಕಾಲು ಮುಟ್ಟುವ ಹಾಗಿಲ್ಲ

ಈತ ಆಡುತ್ತಿದ್ದದ್ದು ಗ್ರೀಕೋ ರೋಮನ್ ಕುಸ್ತಿ. ನಮ್ಮ ಮಣ್ಣಿನ ಕುಸ್ತಿಗೆ ಒಗ್ಗಿದ ಕಣ್ಣಿಗೆ ಇದು ಸ್ವಲ್ಪ ವಿಚಿತ್ರ. ಇಲ್ಲಿ ಸೊಂಟದ ಕೆಳಗೆ ಹಿಡಿಯುವಂತಿಲ್ಲ. ಕಾಲು ಹಿಡಿದು ಎಳೆಯುವಂತಿಲ್ಲ, ಕಾಲು ಕೊಟ್ಟು ಕೆಡವುವಂತಿಲ್ಲ. ನಮ್ಮ ಪಟ್ಟುಗಳಲ್ಲಿ ಅರ್ಧಕ್ಕರ್ಧ ಅಲ್ಲೇ ಹೋಯಿತು! ಏನಿದ್ದರೂ ತೋಳು, ಎದೆ, ಕತ್ತು, ಬೆನ್ನು. ಎದುರಾಳಿಯನ್ನು ಎದೆಗೆ ಅವುಚಿ ಎತ್ತಿ ಒಗೆಯಬೇಕು. ಇಲ್ಲವೇ ಕೆಳಗೆ ಹಾಕಿ, ಸೊಂಟವನ್ನು ಎರಡೂ ಕೈಯಿಂದ ಬಿಗಿದು, ಹಂಚಿನ ಮೇಲಿನ ರೊಟ್ಟಿ ಮಗುಚಿದ ಹಾಗೆ ಮಗುಚಬೇಕು. ಒಮ್ಮೆ ಮಗುಚಿದರೆ ಎರಡು ಅಂಕ.

ಇಂಥ ಆಟದಲ್ಲಿ ತೂಕದ ಬೆಲೆ ಏನೆಂದು ಬೇರೆ ಹೇಳಬೇಕೆ? ಕಾಲಿನ ಚಳಕದಿಂದ ದೊಡ್ಡವನನ್ನು ಕೆಡವುವ ದಾರಿ ಇಲ್ಲಿ ಮುಚ್ಚಿದೆ. ಎತ್ತಬೇಕಾದರೆ ಎತ್ತಲೇಬೇಕು.

ಸಿಮ್ ಹುಟ್ಟಿದ್ದು 1972ರಲ್ಲಿ, ರಾಜಧಾನಿ ಸೋಲ್ ಪಕ್ಕದ ಸೊಂಗ್ನಾಮ್ ಊರಿನಲ್ಲಿ. ಎತ್ತರ ಐದಡಿ ಎರಡಂಗುಲದ ಆಸುಪಾಸು. ಇಳಿದದ್ದು 48 ಕೆ.ಜಿ. ವಿಭಾಗದಲ್ಲಿ. ಅದೇ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಈ 48 ಕೆ.ಜಿ. ವಿಭಾಗವೂ ಶುರುವಾದದ್ದು. ಹುಡುಗನೂ ಅವನ ತೂಕವೂ ಒಂದೇ ವರ್ಷದ ಕೂಸುಗಳು ಅನ್ನಿ.

1994ರಲ್ಲಿ ಹಿರೋಷಿಮಾ ಏಷ್ಯನ್ ಗೇಮ್ಸ್ ಚಿನ್ನ. 1995ರಲ್ಲಿ ಪ್ರಾಗ್ ನಗರದಲ್ಲಿ ವಿಶ್ವ ಚಾಂಪಿಯನ್. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್. ಅಲ್ಲಿ ಫೈನಲ್‌ನಲ್ಲಿ ಬೆಲಾರಸ್‌ನ ಅಲೆಕ್ಸಾಂಡರ್ ಪಾವ್ಲೊವ್ ಎದುರು 4-0. ವಯಸ್ಸು ಇಪ್ಪತ್ಮೂರು, ಕೊರಳಲ್ಲಿ ಒಲಿಂಪಿಕ್ ಚಿನ್ನ. ಇನ್ನೇನು ಬೇಕು ಅಂತೀರಾ?

ಗೆದ್ದ ಮೇಲೆ ತೂಕವೇ ಮಾಯ!

ಅಟ್ಲಾಂಟಾ ಮುಗಿದದ್ದೇ ತಡ, 48 ಕೆ.ಜಿ. ವಿಭಾಗವನ್ನೇ ಕಿತ್ತುಹಾಕಿದರು. ಅಲ್ಲಿಯವರೆಗೆ ಒಲಿಂಪಿಕ್ಸಿನಲ್ಲಿ ಗ್ರೀಕೋ ರೋಮನ್ ಶೈಲಿಗೆ ಹತ್ತು ತೂಕಗಳಿದ್ದವು. 2000ದ ಸಿಡ್ನಿಗೆ ಎಂಟು ಉಳಿದವು. ಎಲ್ಲಕ್ಕಿಂತ ಕೆಳಗಿನದು 54 ಕೆ.ಜಿ.

ಲೆಕ್ಕ ಹಾಕಿ ನೋಡಿ. 48ರಿಂದ 54ಕ್ಕೆ ಆರು ಕೆ.ಜಿ. ಅಂದರೆ ತನ್ನ ಮೈಯ ಎಂಟನೇ ಒಂದು ಪಾಲನ್ನು ಹೊಸದಾಗಿ ಕಟ್ಟಬೇಕು. ಅದೂ ಬೊಜ್ಜಲ್ಲ, ಕಸುವು. ಇನ್ನೊಂದು ಮಾತಿದೆ. 54ರಲ್ಲಿ ನಿಲ್ಲುವ ಬಹಳಷ್ಟು ಮಂದಿ ನಿಜವಾಗಿ ಅದಕ್ಕಿಂತ ದಪ್ಪ ಇರುವವರು. ಬೆವರು ಹರಿಸಿ, ಊಟ ಬಿಟ್ಟು ತಕ್ಕಡಿಯ ಹೊತ್ತಿಗೆ ಇಳಿದು ಬಂದವರು. ಕೆಳಗಿನಿಂದ ಹತ್ತಿ ಬಂದವನೂ ಮೇಲಿನಿಂದ ಇಳಿದು ಬಂದವನೂ ತಕ್ಕಡಿಯ ಮೇಲೆ ಒಂದೇ. ಕಣದಲ್ಲಿ ಒಂದೇ ಅಲ್ಲ.

ಚಿನ್ನ ಕೈಯಲ್ಲಿದೆ, ಹೆಸರಿದೆ. ಸಿಮ್ ಅಲ್ಲಿಗೇ ನಮಸ್ಕಾರ ಹಾಕಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಆತ ಹಾಕಲಿಲ್ಲ. ಮೈ ಕಟ್ಟಿಕೊಂಡ. 1998ರಲ್ಲಿ ಸ್ವೀಡನ್ ದೇಶದ ಯೆವ್ಲೆಯಲ್ಲಿ 54 ಕೆ.ಜಿ. ವಿಶ್ವ ಚಾಂಪಿಯನ್ ಆಗಿ ನಿಂತ. ಅದೇ ವರ್ಷ ಬ್ಯಾಂಕಾಕ್ ಏಷ್ಯನ್ ಗೇಮ್ಸಿನಲ್ಲಿ ಚಿನ್ನ.

ಸಿಡ್ನಿ ಫೈನಲ್‌ನಲ್ಲಿ ಎದುರಾದವನು ಕ್ಯೂಬಾದ ಲಜಾರೊ ರಿವಾಸ್. ಸಾಮಾನ್ಯನಲ್ಲ, 1999ರ ವಿಶ್ವ ಚಾಂಪಿಯನ್. ಹುಟ್ಟಾ 54ರವನ ಮುಂದೆ ಹಳೇ 48ರವನು ಏನಾದಾನು? ಏನಾದ ಗೊತ್ತೇ? 8-0! ನಾಲ್ಕು ವರ್ಷದ ಹಿಂದೆ ಚಿಕ್ಕ ತೂಕದಲ್ಲಿ ಗೆದ್ದ ಅಂತರಕ್ಕೆ ಇದು ಇಮ್ಮಡಿ. ಕಂಚು ಉತ್ತರ ಕೊರಿಯಾದ ಕಾಂಗ್ ಯಾಂಗ್ ಗ್ಯೂನ್ ಪಾಲಾಯಿತು. ಉದ್ಘಾಟನೆಯ ದಿನ ಎರಡೂ ಕೊರಿಯಾದವರು ಒಂದೇ ಬಾವುಟದ ಕೆಳಗೆ ನಡೆದಿದ್ದರು. ಪದಕದ ಕಟ್ಟೆಯ ಮೇಲೂ ಎರಡೂ ಕಡೆಯವರು ಇದ್ದ ಹಾಗಾಯಿತು.

ಏಷ್ಯನ್ ಚಾಂಪಿಯನ್‌ಶಿಪ್, ಏಷ್ಯನ್ ಗೇಮ್ಸ್, ವಿಶ್ವ ಚಾಂಪಿಯನ್‌ಶಿಪ್, ಒಲಿಂಪಿಕ್ಸ್: ಈ ನಾಲ್ಕನ್ನೂ ಎರಡೆರಡು ತೂಕಗಳಲ್ಲಿ ಗೆದ್ದವನೆಂದು ಅವನ ನಾಡಿನವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಮುಂದೆ ತರಬೇತುದಾರನಾದ, ಟಿ.ವಿ.ಯಲ್ಲಿ ವೀಕ್ಷಕ ವಿವರಣೆಗೂ ಕೂತ. ಮೈಕಿನ ಮುಂದೆ ಮರ್ಯಾದೆಯ ಭಾಷೆ ಮರೆತು, ನಮ್ಮ ಕಟ್ಟೆಯ ಮೇಲಿನವರ ಹಾಗೆ ಕೂಗಾಡಿಬಿಟ್ಟ ಅಂತ 2008ರಲ್ಲಿ ಟೀಕೆಯನ್ನೂ ತಿಂದ. ಪೈಲ್ವಾನ ಅಲ್ಲವೇ, ಕೂಗದೆ ಇರುವುದು ಹೇಗೆ!

ಏಣಿ ಎಲ್ಲರಿಗೂ ದಕ್ಕದು

ಹಾಗಂತ ಎಲ್ಲರೂ ಸಿಮ್ ಆಗುತ್ತಾರೆ ಅಂತಲ್ಲ. ಇರಾನಿನ ಹಮೀದ್ ಸೂರಿಯಾನ್‌ನನ್ನು ನೋಡಿ. 55 ಕೆ.ಜಿ.ಯಲ್ಲಿ ಐದು ಸಲ ವಿಶ್ವ ಚಾಂಪಿಯನ್, 2012ರ ಲಂಡನ್ ಒಲಿಂಪಿಕ್ಸ್ ಚಿನ್ನ. ಮತ್ತೆ ಅದೇ ಕಥೆ: 55 ಕೆ.ಜಿ. ಮಾಯ! ಕೆಳಗಿನ ಮೆಟ್ಟಿಲು 59 ಆಯಿತು. 2014ರಲ್ಲಿ ಆತ 59ರಲ್ಲೂ ವಿಶ್ವ ಚಾಂಪಿಯನ್ ಆದ. ಆದರೆ 2016ರ ರಿಯೋದಲ್ಲಿ ಮೊದಲ ಪಂದ್ಯದಲ್ಲೇ ಜಪಾನಿನ ಶಿನೋಬು ಓಟ ಎದುರು ಸೋತ. ಪದಕವಿಲ್ಲದೆ ಮನೆಗೆ ಬಂದ.

ಯಾಕೆ ಹೀಗೆ? ಒಲಿಂಪಿಕ್ಸಿನಲ್ಲಿ ಕುಸ್ತಿಗೆ ಸಿಗುವ ಜಾಗ ಇಷ್ಟೇ ಅಂತ ಗೆರೆ ಎಳೆದಿದ್ದಾರೆ. 2004ರಲ್ಲಿ ಮಹಿಳಾ ಕುಸ್ತಿ ಬಂತು. ಬಂದದ್ದು ನ್ಯಾಯವೇ, ಸಾಕ್ಷಿ ಮಲಿಕ್ ಕಂಚು ತಂದಾಗ ನಾವೂ ಪಟಾಕಿ ಹೊಡೆದೆವಲ್ಲ! ಆದರೆ ಜಾಗ ಹಿಗ್ಗಲಿಲ್ಲ. ಗ್ರೀಕೋ ರೋಮನ್ ತೂಕಗಳು ಹತ್ತರಿಂದ ಎಂಟು, ಎಂಟರಿಂದ ಏಳು, 2016ಕ್ಕೆ ಆರು. ಪ್ರತಿ ಸಲ ಕತ್ತರಿ ಆಡಿದಾಗಲೂ ಕೆಳಗಿನ ಮೆಟ್ಟಿಲು ಮೇಲಕ್ಕೆ ಸರಿಯಿತು. ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಆರಂಭವೇ 60 ಕೆ.ಜಿ.

ಇದು ನಮ್ಮ ಮನೆಯ ಮಾತು

ಕೊರಿಯಾ, ಇರಾನ್ ಕಟ್ಟಿಕೊಂಡು ನಮಗೇನಾಗಬೇಕು ಅನ್ನಬೇಡಿ. 2020ರ ಫೆಬ್ರುವರಿಯಲ್ಲಿ ದೆಹಲಿಯ ಕೆ.ಡಿ. ಜಾಧವ್ ಅಂಗಣದಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ನಡೆಯಿತು. ಗ್ರೀಕೋ ರೋಮನ್ 55 ಕೆ.ಜಿ.ಯಲ್ಲಿ ಕಂಚು ಗೆದ್ದವನು ಯಾರು? ಕರ್ನಾಟಕದ ಅರ್ಜುನ ಹಲಕುರ್ಕಿ! ಸೆಮಿಫೈನಲ್‌ನಲ್ಲಿ ಇರಾನಿನವನ ಮೇಲೆ 7-1 ಮುಂದಿದ್ದು 7-8ರಲ್ಲಿ ಕೈತಪ್ಪಿತು. ಎದೆ ಒಡೆಯುವ ಸೋಲು ಅದು. ಆದರೂ ಎದ್ದು ನಿಂತು, ಕಂಚಿನ ಪಂದ್ಯದಲ್ಲಿ ಸಿಮ್ ನಾಡಿನವನನ್ನೇ ಕೆಡವಿದ. 2022ರಲ್ಲಿ ಮಂಗೋಲಿಯಾದ ಉಲಾನ್ ಬಾತರ್‌ನಲ್ಲಿ ಮತ್ತೊಂದು ಕಂಚು.

2018ರಿಂದ 55 ಕೆ.ಜಿ.ಯನ್ನು ವಿಶ್ವ ಮತ್ತು ಏಷ್ಯನ್ ಚಾಂಪಿಯನ್‌ಶಿಪ್‌ಗಳಿಗೆ ಮರಳಿ ತಂದಿದ್ದಾರೆ. ಆದರೆ ಒಲಿಂಪಿಕ್ಸ್‌ಗೂ ಏಷ್ಯನ್ ಗೇಮ್ಸ್‌ಗೂ ತಂದಿಲ್ಲ. ಏಷ್ಯಾದಲ್ಲಿ ಎರಡು ಪದಕ ಗೆದ್ದ ತೂಕಕ್ಕೆ ಒಲಿಂಪಿಕ್ಸಿನ ಬಾಗಿಲೇ ಇಲ್ಲ. ನಡುವೆ ಐದು ಕೆ.ಜಿ.ಯ ಗೋಡೆ. ಗ್ರೀಕೋ ರೋಮನ್‌ನಲ್ಲಿ ಭಾರತಕ್ಕೆ ಪ್ಯಾರಿಸ್ ಮುಗಿಯುವವರೆಗೂ ಒಂದೇ ಒಂದು ಒಲಿಂಪಿಕ್ ಪದಕ ಬಂದಿಲ್ಲ ಎಂಬುದನ್ನೂ ಇದರ ಜೊತೆಗೇ ಓದಿಕೊಳ್ಳಿ.

ಗೋಡೆ ಹತ್ತುವುದು ಖುರಾಕಿನಿಂದ ಮಾತ್ರ ಆಗುವ ಕೆಲಸವಲ್ಲ. ಸಿಮ್‌ಗೆ ಎರಡು ವರ್ಷದ ಮೇಲಾಯಿತು. ಆ ಹೊತ್ತಿನಲ್ಲಿ ಹುಡುಗನಿಗೆ ಸಂಬಳ ಬೇಕು, ಅಭ್ಯಾಸಕ್ಕೆ ಅರವತ್ತರ ಜೋಡಿ ಬೇಕು, ಮ್ಯಾಟ್ ಬೇಕು, ತೂಕ ನೋಡಿ ಊಟ ಬರೆದುಕೊಡುವವರು ಬೇಕು. ಸೋತರೆ "ಇವನ ಕತೆ ಮುಗೀತು" ಅನ್ನದ ಬಾಯಿಗಳೂ ಬೇಕು. ತಕ್ಕಡಿಯಂತೂ ಯಾರ ಮುಲಾಜನ್ನೂ ನೋಡದು. 2024ರಲ್ಲಿ ಪ್ಯಾರಿಸ್‌ನಲ್ಲಿ ಫೈನಲ್ ತಲುಪಿದ್ದ ವಿನೇಶ್ ಫೋಗಟ್ ಬರೀ ನೂರು ಗ್ರಾಂ ಹೆಚ್ಚಾಗಿ ಬರಿಗೈಲಿ ಬಂದದ್ದನ್ನು ಇಡೀ ದೇಶವೇ ನೋಡಿದೆ.

ಈಗ ಒಂದು ಪ್ರಶ್ನೆ. ನಮ್ಮ ಜಿಲ್ಲೆಯ ಗರಡಿ ಮನೆಗಳಲ್ಲಿ ನೂರು ಗ್ರಾಂ ತೋರಿಸುವ ತೂಕದ ಯಂತ್ರ ಎಷ್ಟರಲ್ಲಿದೆ? ದೇವರ ಪಟಕ್ಕೆ ಬೆಳ್ಳಿ ಕಟ್ಟು ಹಾಕಿಸುವ ದಾನಿಗಳಿದ್ದಾರೆ, ಗದೆ ಕೊಡುವ ಧಣಿಗಳಿದ್ದಾರೆ. ತೂಕದ ಯಂತ್ರ ಕೊಡಿಸುವವರು ಒಬ್ಬರಾದರೂ ಮುಂದೆ ಬರಬಾರದೇ? ಹದಿನಾರರ ಹುಡುಗ ಯಾವ ತೂಕಕ್ಕೆ ಬೆಳೆಯಬೇಕು ಅಂತ ಇವತ್ತೇ ಬರೆದಿಟ್ಟರೆ ಇಪ್ಪತ್ಮೂರಕ್ಕೆ ಅವನು ಬಾಗಿಲಿನ ಮುಂದೆ ನಿಂತು ಅಳಬೇಕಾಗಿಲ್ಲ.

ಜಾತ್ರಾ ಕಮಿಟಿಯವರಲ್ಲಿಯೂ ಒಂದು ಅರಿಕೆ. ಮುಂದಿನ ಸಲ ಒಂದೇ ಒಂದು ಸಣ್ಣ ಜೋಡಿಯನ್ನು ದೀಪ ಹಚ್ಚಿದ ಮೇಲೆ, ದೊಡ್ಡ ಜೋಡಿಗೆ ಮುಂಚೆ ಬಿಟ್ಟು ನೋಡಿ. ಇನಾಮನ್ನೂ ಸ್ವಲ್ಪ ಮೇಲಕ್ಕೆತ್ತಿ. ಜನ ಎದ್ದು ಹೋದರೆ ಮಾರನೇ ದಿನ ಇದೇ ಜಾಗದಲ್ಲಿ ನಮ್ಮ ತಪ್ಪು ಒಪ್ಪಿಕೊಂಡು ಬರೆಯುತ್ತೇವೆ.